ಬಯಲ ನಡುವಣ ಬಂಡೆದ್ವೀಪ: ರಾಮದೇವರ ಬೆಟ್ಟದ ರಣಹದ್ದುಗಳ ಎಣಿಕೆ

ದ್ವೀಪವೆಂದೊಡನೆ ಸುತ್ತಲೂ ಕಡಲು, ನಡುವೆ ಒಂದಿಷ್ಟು ನೆಲ ಎಂಬ ಚಿತ್ರ ಮನಸ್ಸಿಗೆ ಬರುವುದು ಸಹಜ. ಆದರೆ ಭೂವಿಜ್ಞಾನಿಗಳು ಸಮತಟ್ಟಾದ ಬಯಲಿನಿಂದ ಒಮ್ಮೆಗೇ ಮೇಲೆದ್ದು ನಿಂತ ಒಂಟಿ ಕಲ್ಲುಬೆಟ್ಟಗಳಿಗೂ ಈ ಮಾತನ್ನು ಬಳಸಿದ್ದಾರೆ. ಜರ್ಮನ್ ಭಾಷೆಯ 'ಇನ್ಸೆಲ್‌ಬರ್ಗ್' ಎಂಬ ಪದಕ್ಕೆ ದ್ವೀಪಗಿರಿ ಎಂದೇ ಅರ್ಥ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಸಂಚರಿಸುವವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ತೆಂಗು, ಮಾವುಗಳ ಹಸಿರಿನ ನಡುವೆ ತಲೆಯೆತ್ತಿ ನಿಂತ ಹೆಬ್ಬಂಡೆಗಳು ಇಲ್ಲಿಯ ದಿಗಂತವನ್ನೇ ರೂಪಿಸಿವೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಗೆ ವಿಜ್ಞಾನ ಲೋಕದಲ್ಲಿ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಹೆಸರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ನೆನಪಿಗಾಗಿ ರಾಮನಗರಕ್ಕೆ ಅಂದು ಇಟ್ಟಿದ್ದ ಹೆಸರು ಊರಿನಿಂದ ಮಾಯವಾದರೂ ಕಲ್ಲಿನಲ್ಲಿ ಉಳಿದುಕೊಂಡಿತು.

ಈ ಬಂಡೆದ್ವೀಪಗಳಲ್ಲೊಂದು ರಾಮದೇವರ ಬೆಟ್ಟ. 2012ರಲ್ಲಿ ಕರ್ನಾಟಕ ಸರ್ಕಾರವು ಇಲ್ಲಿಯ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು. ಮೂರೂವರೆ ಚದರ ಕಿಲೋಮೀಟರ್ ಎಂದರೆ ಒಂದು ದೊಡ್ಡ ಗ್ರಾಮದ ಎಲ್ಲೆಗಿಂತ ಹೆಚ್ಚಿನದೇನಲ್ಲ. ಹುಲಿ, ಆನೆಗಳಿಗಾಗಿ ನೂರಾರು ಚದರ ಕಿಲೋಮೀಟರುಗಳನ್ನು ಮೀಸಲಿಟ್ಟ ದೇಶದಲ್ಲಿ, ಹೆಸರು ಕೇಳಿದರೆ ಮೂಗು ಮುರಿಯುವ ಒಂದು ಹಕ್ಕಿಗಾಗಿ ಇಷ್ಟಾದರೂ ನೆಲವನ್ನು ಕಾದಿರಿಸಿದುದು ಸಣ್ಣ ಸಂಗತಿಯಲ್ಲ. ಆದರೂ ಬೆಟ್ಟಕ್ಕೆ ಬರುವ ಹೊರಗಿನವರಲ್ಲಿ ಹಲವರು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ಬಂಡೆಗಳನ್ನು ಹುಡುಕಿಕೊಂಡು ಬರುತ್ತಾರೆ. ಗಬ್ಬರ್‌ಸಿಂಗನ ಕಲ್ಲನ್ನು ಕೇಳಿ ತಿಳಿದು ನೋಡುವವರು ಕತ್ತೆತ್ತಿ ಆಕಾಶವನ್ನು ನೋಡುವುದು ಅಪರೂಪ.

ಇಲ್ಲಿಯ ಮುಖ್ಯ ನಿವಾಸಿ ಉದ್ದಕೊಕ್ಕಿನ ರಣಹದ್ದು. ರೆಕ್ಕೆಗಳನ್ನು ಹರಡಿದಾಗ ಎರಡು ಮೀಟರಿಗೂ ಮಿಗಿಲಾದ ಈ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದು ವಿರಳ; ಕಡಿದಾದ ಬಂಡೆಗೋಡೆಯ ಚಾಚುಗಳೇ ಅದರ ಮನೆ. ದಕ್ಷಿಣ ಭಾರತದಲ್ಲಿ ಅದು ಗೂಡು ಮಾಡುವ ನೆಲೆಗಳು ಬೆರಳೆಣಿಕೆಯಷ್ಟು ಮಾತ್ರ. ಅದರ ಜೊತೆಗೆ ಹಳದಿ ಮುಖದ, ಗಾತ್ರದಲ್ಲಿ ಕಿರಿದಾದ ಬಿಳಿ ರಣಹದ್ದೂ ಇದೆ. ಇದು ಸತ್ತ ಪ್ರಾಣಿಯನ್ನಷ್ಟೇ ನೆಚ್ಚಿಕೊಳ್ಳದೆ ತಿಪ್ಪೆಯಲ್ಲಿ ಸಿಕ್ಕಿದ್ದನ್ನೂ ತಿಂದು ಬದುಕಬಲ್ಲದು. ಉದ್ದಕೊಕ್ಕಿನ ಹಕ್ಕಿಗೆ ಆ ಅನುಕೂಲವಿಲ್ಲ. ಅದಕ್ಕೆ ಹೆಣವೇ ಬೇಕು. ವರ್ಷಕ್ಕೆ ಒಂದೇ ಮೊಟ್ಟೆ, ಗಂಡುಹೆಣ್ಣುಗಳೆರಡೂ ಸರದಿಯಂತೆ ಕೊಡುವ ಸುಮಾರು ಐವತ್ತು ದಿನಗಳ ಕಾವು, ಅನಂತರ ಮರಿ ಹಾರುವವರೆಗೆ ತಿಂಗಳುಗಟ್ಟಲೆ ಆರೈಕೆ. ಆ ಮರಿ ತಾನೇ ತಾಯ್ತಂದೆಯಾಗಬೇಕಾದರೆ ಮತ್ತೆ ಸುಮಾರು ಐದು ವರ್ಷ. ಇಂಥ ಜೀವಿಯ ಸಂಖ್ಯೆ ಒಮ್ಮೆ ಕುಸಿದರೆ ಮತ್ತೆ ಏರಲು ಮನುಷ್ಯರ ಒಂದು ತಲೆಮಾರೇ ಬೇಕಾಗುತ್ತದೆ.

ರಣಹದ್ದುಗಳನ್ನು ಎಣಿಸುವುದು ಕೇಳಲು ಸುಲಭ, ಮಾಡಲು ಕಠಿಣ. ಭಾರವಾದ ಈ ಹಕ್ಕಿ ರೆಕ್ಕೆ ಬಡಿದು ದೂರ ಹಾರಲಾರದು. ಬಿಸಿಲಿಗೆ ಕಾದ ಬಂಡೆಯಿಂದ ಮೇಲೇಳುವ ಬಿಸಿಗಾಳಿಯನ್ನು ಏರಿ, ಸುತ್ತುತ್ತ ಸುತ್ತುತ್ತ ಎತ್ತರಕ್ಕೆ ಹೋಗಿ, ಅಲ್ಲಿಂದ ಜಾರುತ್ತ ಹತ್ತಾರು ಕಿಲೋಮೀಟರು ಸಾಗುತ್ತದೆ. ಆದುದರಿಂದ ಬಂಡೆ ಕಾಯುವ ಮೊದಲೇ, ಬೆಳಗಿನ ಚಳಿಯಲ್ಲಿ, ಎದುರಿನ ಬಂಡೆಯ ಮರೆಯಲ್ಲಿ ದುರ್ಬೀನು ಹಿಡಿದು ಕುಳಿತಿರಬೇಕು. ಸೂರ್ಯ ಮೇಲೇರಿದ ಬಳಿಕ ಬಂದವನಿಗೆ ಬರಿಯ ಕಲ್ಲು ಕಂಡೀತು. ಸಂಜೆ ಹಕ್ಕಿಗಳು ಮರಳುವ ಹೊತ್ತಿಗೆ ಮತ್ತೊಮ್ಮೆ ಅದೇ ಕಾಯುವಿಕೆ.

ಹಕ್ಕಿ ಕಾಣದಿದ್ದರೂ ಅದರ ಗುರುತು ಕಾಣುತ್ತದೆ. ವರ್ಷವರ್ಷವೂ ಒಂದೇ ಚಾಚಿನಲ್ಲಿ ಕುಳಿತುದರ ಫಲವಾಗಿ ಬಂಡೆಯ ಮೇಲಿಂದ ಕೆಳಗೆ ಸುಣ್ಣ ಬಳಿದಂತೆ ಹಿಕ್ಕೆಯ ಬಿಳಿಯ ಪಟ್ಟಿ ಇಳಿದಿರುತ್ತದೆ. ಪಟ್ಟಿ ಹೊಸದೇ ಹಳೆಯದೇ, ಮಳೆಗೆ ತೊಳೆದುಹೋಗಿದೆಯೇ, ಚಳಿಗಾಲದಲ್ಲಿ ಮತ್ತೆ ಬೆಳ್ಳಗಾಯಿತೇ ಎಂಬುದನ್ನು ಬರೆದಿಡಬೇಕು. ಕುಳಿತ ಹಕ್ಕಿ ಬೆಳೆದುದೋ ಎಳೆಯದೋ ಎಂಬುದನ್ನು ಕತ್ತಿನಿಂದ ಗುರುತಿಸಬೇಕು. ಎಳೆಯದರ ತಲೆ ಕತ್ತುಗಳ ಮೇಲೆ ಬಿಳಿಯ ನವಿರು ಉಳಿದಿರುತ್ತದೆ, ಬೆಳೆದುದರ ಕತ್ತು ಬೋಳಾಗಿ ಕಪ್ಪಾಗಿರುತ್ತದೆ. ಗೂಡಿನೊಳಗೆ ಇಣುಕುವಂತಿಲ್ಲ. ಹಕ್ಕಿ ಒಂದೇ ಕಡೆ ದಿನಗಟ್ಟಲೆ ಕದಲದೆ ಕುಳಿತರೆ ಮೊಟ್ಟೆಯಿದೆಯೆಂದೂ, ಎರಡು ಹಕ್ಕಿಗಳು ಸರದಿ ಬದಲಿಸಿದರೆ ಕಾವು ನಡೆದಿದೆಯೆಂದೂ ಊಹಿಸಬೇಕು. ಒಂದೇ ಹಕ್ಕಿಯನ್ನು ಎರಡು ಸಲ ಎಣಿಸುವ ಭಯ ಸದಾ ಇದ್ದೇ ಇರುತ್ತದೆ. ಅದಕ್ಕಾಗಿಯೇ ಹಲವು ಕಡೆ ಕುಳಿತವರು ಒಂದೇ ಗಳಿಗೆಯಲ್ಲಿ ಎಣಿಸಿ, ಹಕ್ಕಿ ಕಂಡ ಸಮಯವನ್ನೂ ಅದು ಹೋದ ದಿಕ್ಕನ್ನೂ ಹೋಲಿಸಿ ನೋಡುವ ಕ್ರಮ ರೂಢಿಯಲ್ಲಿದೆ. ತಮಿಳುನಾಡು, ಕರ್ನಾಟಕ, ಕೇರಳಗಳ ಅರಣ್ಯ ಇಲಾಖೆಗಳು 2023ರಲ್ಲಿ ನೀಲಗಿರಿ ಸುತ್ತಣ ಕಾಡುಗಳಲ್ಲಿ ಒಟ್ಟಾಗಿ ನಡೆಸಿದ ಗಣತಿಯೂ ಇದೇ ತತ್ತ್ವದ ಮೇಲೆ ನಡೆಯಿತು.

ಇಷ್ಟು ಪರಿಶ್ರಮದ ಕೊನೆಗೆ ದಿನಚರಿಯ ಪುಟದಲ್ಲಿ ಬರೆಯುವುದು ಒಂದು ಸಣ್ಣ ಅಂಕಿಯನ್ನು. ರಾಮದೇವರ ಬೆಟ್ಟದಲ್ಲಿ ಅದು ಈಗ ಬೆರಳೆಣಿಕೆಯನ್ನು ಮೀರುವುದಿಲ್ಲ. ಕೆಲವು ದಿನ ಬರೆಯಬೇಕಾದುದು ಸೊನ್ನೆ. ಸೊನ್ನೆಯನ್ನು ಬರೆಯಲು ಬೇಕಾದ ಶ್ರದ್ಧೆ ನೂರನ್ನು ಬರೆಯಲು ಬೇಕಾಗುವುದಿಲ್ಲ. ಇಂಥ ಎಣಿಕೆಯಿಂದ ಪ್ರಯೋಜನವೇನು ಎಂದು ಕೇಳುವವರು ಇದ್ದಾರೆ. ಈ ಪ್ರಶ್ನೆಗೆ ಉತ್ತರ ದೊರೆಯುವುದು ನಿಜವಾದ ಒಂದು ಕಡಲ ದ್ವೀಪದಲ್ಲಿ.

ಬ್ರಿಟನ್ನಿನ ವೇಲ್ಸ್ ತೀರದಾಚೆ ಸ್ಕೋಮರ್ ಎಂಬ ಪುಟ್ಟ ದ್ವೀಪವಿದೆ. ಸುತ್ತಲಿನ ಕಡಲೂ ಸಂರಕ್ಷಿತವೇ. ಅಲ್ಲಿಯ ಕಡಿದಾದ ಬಂಡೆಗಳ ಮೇಲೆ ಗಿಲ್ಲೆಮಾಟ್ ಎಂಬ ಕಡಲಹಕ್ಕಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. 1972ರಲ್ಲಿ ಟಿಮ್ ಬರ್ಕ್‌ಹೆಡ್ ಎಂಬ ವಿಜ್ಞಾನಿ ಅವುಗಳ ಅಧ್ಯಯನವನ್ನು ಆರಂಭಿಸಿದಾಗ ಸಂಖ್ಯೆ ಎರಡು ಸಾವಿರದ ಆಸುಪಾಸಿಗೆ ಇಳಿದಿತ್ತು. ಪ್ರತಿ ಬೇಸಿಗೆಯೂ ಎಷ್ಟು ಹಕ್ಕಿ ಬಂದವು, ಎಷ್ಟು ಮರಿ ಕಡಲಿಗೆ ಇಳಿದವು, ಕಾಲಿಗೆ ಉಂಗುರ ತೊಡಿಸಿದ ಯಾವ ಹಕ್ಕಿ ಮರಳಿತು ಎಂದು ದಶಕಗಳ ಕಾಲ ಬರೆದಿಟ್ಟುದರಿಂದ, ಅವು ಇಪ್ಪತ್ತು ಸಾವಿರವನ್ನು ದಾಟಿದುದು ಹೇಗೆಂದು ತಿಳಿಯಿತು. ಇಷ್ಟಾಗಿಯೂ ಸುಮಾರು ನಲವತ್ತು ವರ್ಷಗಳ ಬಳಿಕ ಸರ್ಕಾರದ ಧನಸಹಾಯ ನಿಂತಿತು. ಸಾರ್ವಜನಿಕರ ಕಾಣಿಕೆಯಿಂದ ಕೆಲಸ ಮುಂದುವರಿಯಬೇಕಾಯಿತು. ಎಣಿಕೆಗೆ ಸಲ್ಲುವ ಹಣವೇ ಮೊದಲು ಕಡಿತಗೊಳ್ಳುವುದು ಎಲ್ಲ ದೇಶಗಳ ರೀತಿ ಎಂದು ಕಾಣುತ್ತದೆ.

ಭಾರತದಲ್ಲಿ ರಣಹದ್ದು ಒಂದು ಕಾಲಕ್ಕೆ ಕಾಗೆಯಷ್ಟೇ ಸಾಮಾನ್ಯವಾಗಿತ್ತು. ಸಾಮಾನ್ಯವಾದುದನ್ನು ಯಾರೂ ಎಣಿಸುವುದಿಲ್ಲ. ಅದೃಷ್ಟವಶಾತ್ ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು 1980ರ ದಶಕದಲ್ಲಿ ಎಣಿಸಿಟ್ಟಿದ್ದರು. 1990ರ ದಶಕದಲ್ಲಿ ಮತ್ತೆ ಎಣಿಸಿದಾಗಲೇ ಅನಾಹುತ ಬಯಲಿಗೆ ಬಂದಿತು. 1992ರಿಂದ 2007ರೊಳಗೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ಶೇಕಡಾ 99.9ರಷ್ಟೂ, ಉದ್ದಕೊಕ್ಕಿನದೂ ಅದರ ಸಮೀಪದ ಬಂಧುವೂ ಸುಮಾರು ಶೇಕಡಾ 97ರಷ್ಟೂ ನಾಶವಾಗಿದ್ದವು. ಕಾರಣವನ್ನು ಮೊದಲು ಯಾವುದೋ ರೋಗವೆಂದು ಊಹಿಸಲಾಗಿತ್ತು. ಪಾಕಿಸ್ತಾನದಲ್ಲಿ ನಡೆದ ಅಧ್ಯಯನದ ಫಲವಾಗಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ನಿಜವನ್ನು ಪ್ರಕಟಿಸಿದರು. ದನಗಳ ನೋವಿಗೂ ಬಾವಿಗೂ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧಿಯೇ ಅದು. ಚಿಕಿತ್ಸೆ ಪಡೆದು ಸತ್ತ ದನದ ಮಾಂಸವನ್ನು ತಿಂದ ಹಕ್ಕಿಯ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಾಂಗಗಳ ಮೇಲೆಲ್ಲ ಬಿಳಿಯ ಪುಡಿಯಂತೆ ಕೂಡಿಕೊಂಡು, ಕೆಲವೇ ದಿನಗಳಲ್ಲಿ ಸಾವು ಬರುತ್ತದೆ. ಒಂದು ಹೆಣವನ್ನು ಹತ್ತಾರು ಹಕ್ಕಿಗಳು ಹಂಚಿಕೊಳ್ಳುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಸಂತತಿ ಕುಸಿಯಲು ಸಾಕು.

2006ರಲ್ಲಿ ಪಶುಗಳಿಗೆ ಈ ಔಷಧಿಯ ಬಳಕೆ ನಿಷೇಧವಾಯಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆಯ ದಾರಿ ಹಿಡಿದವು. 2015ರಲ್ಲಿ ಅವುಗಳ ಗಾತ್ರವನ್ನು ಮೂರು ಮಿಲಿಲೀಟರಿಗೆ ಮಿತಿಗೊಳಿಸಬೇಕಾಯಿತು. ಹಕ್ಕಿಗೆ ಅಷ್ಟೇ ಅಪಾಯಕಾರಿಯಾದ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳು ಪಶುಚಿಕಿತ್ಸೆಯಿಂದ ಹೊರಬಿದ್ದುದು 2023ರಲ್ಲಿ. ದನಕ್ಕೂ ಹಿತವಾದ, ಹದ್ದಿಗೂ ಹಾನಿಯಿಲ್ಲದ ಮೆಲಾಕ್ಸಿಕಾಮ್ ಎಂಬ ಔಷಧಿ ಈ ಎಲ್ಲ ಕಾಲದಲ್ಲೂ ಲಭ್ಯವಿತ್ತೆಂಬುದು ವಿಷಾದಕರ.

ರಣಹದ್ದನ್ನು ಕಳೆದುಕೊಂಡುದರ ಬೆಲೆಯನ್ನು ಮನುಷ್ಯನೇ ತೆತ್ತ. ಅದರ ಜಠರದ ತೀಕ್ಷ್ಣವಾದ ಆಮ್ಲ, ಅನ್ಯ ಪ್ರಾಣಿಗಳನ್ನು ಕೊಲ್ಲುವ ರೋಗಾಣುಗಳನ್ನೂ ಅರಗಿಸಬಲ್ಲದು. ಅದು ತೊರೆದ ಹೆಣಗಳ ಮೇಲೆ ಬೀದಿನಾಯಿಗಳು ಹೆಚ್ಚಿದವು. ಕೊಳೆತುದು ನೀರಿಗೆ ಸೇರಿತು. 2000ದಿಂದ 2005ರವರೆಗಿನ ಅವಧಿಯಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಮಾನವ ಮರಣಗಳಿಗೆ ಈ ಹಕ್ಕಿಗಳ ಅಳಿವು ಕಾರಣವಾಯಿತೆಂದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಲೆಕ್ಕ ಹಾಕಿದ್ದಾರೆ. ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ, ಊರ ಹೊರಗಿನ ಹೊಲಸನ್ನು ಕೂಲಿಯಿಲ್ಲದೆ ತೆಗೆಯುತ್ತಿದ್ದ ಹಕ್ಕಿಯ ಹೆಸರು ಬೈಗುಳವಾಗಿ ಉಳಿದಿರುವುದು ಸೋಜಿಗವೇ ಸರಿ. ರಾಮಾಯಣ ಮಾತ್ರ ಜಟಾಯುವನ್ನು ಹಾಗೆ ಕಾಣಲಿಲ್ಲ.

ರಾಮದೇವರ ಬೆಟ್ಟದ ತೊಡಕು ಔಷಧಿಯೊಂದರಿಂದಲೇ ಬಂದುದಲ್ಲ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ಸತ್ತ ದನವನ್ನು ಬಯಲಿಗೆ ಎಳೆದುಹಾಕುವ ರೂಢಿ ಹೋಗಿ ಹೂಳುವುದು ಬಂದಿದೆ. ವನ್ಯಧಾಮದ ಒಳಗೆ ಚಾಚುಗಳು ಸುರಕ್ಷಿತವಾಗಿದ್ದರೂ ಹಕ್ಕಿಯ ಊಟದ ತಟ್ಟೆ ಅದರ ಹೊರಗೆ, ಮಾಗಡಿಯ ಸಾವನದುರ್ಗದ ಕಡೆಗೂ ಕನಕಪುರದ ಕಾವೇರಿ ಕಾಡಿನ ಕಡೆಗೂ ಹರಡಿದೆ. ಬೆಟ್ಟದ ಮೇಲಿನ ಶ್ರೀರಾಮ ದೇವಾಲಯಕ್ಕೆ ಬರುವ ಭಕ್ತರನ್ನು ತಡೆಯುವಂತಿಲ್ಲ, ತಡೆಯಬೇಕಾದುದೂ ಇಲ್ಲ. ಅವರ ದಾರಿ ಮೆಟ್ಟಿಲುಗಳದು. ಹಗ್ಗ ಹಿಡಿದು ಬಂಡೆಯೇರುವ ಹವ್ಯಾಸಿಗಳು, ಕಲ್ಲು ಸಿಡಿಸುವ ಸದ್ದು, ಬೇಸಿಗೆಯ ಬೆಂಕಿ ಇವು ಹಕ್ಕಿಗೆ ಹೆಚ್ಚಿನ ಬಾಧೆ, ಏಕೆಂದರೆ ಅವು ಚಾಚಿನ ಹತ್ತಿರಕ್ಕೇ ಬರುತ್ತವೆ.

ಈ ಭಾಗದ ಶಾಲೆಗಳ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಹಸು ಸಾಕುವ ಮನೆಗಳವರು. ಕೊಟ್ಟಿಗೆಗೆ ಬಂದ ಇಂಜೆಕ್ಷನ್ ಯಾವುದು, ಸತ್ತ ದನವನ್ನು ಏನು ಮಾಡಿದರು ಎಂಬೆರಡು ಪ್ರಶ್ನೆಗಳಿಗೆ ಉತ್ತರವನ್ನು ವಿಜ್ಞಾನದ ಅಧ್ಯಾಪಕರು ಮಕ್ಕಳಿಂದಲೇ ಸಂಗ್ರಹಿಸಬಹುದು. ಊರು, ತಿಂಗಳು, ಔಷಧಿಯ ಹೆಸರು ಇಷ್ಟನ್ನು ವರ್ಷವರ್ಷವೂ ಒಂದೇ ಪುಸ್ತಕದಲ್ಲಿ ಬರೆಯುತ್ತ ಹೋದರೆ, ಬೆಟ್ಟದ ಮೇಲಿನ ಎಣಿಕೆಯ ಪಕ್ಕದಲ್ಲಿಟ್ಟು ನೋಡಬಹುದಾದ ಕೆಳಗಿನ ಎಣಿಕೆ ಸಿದ್ಧವಾಗುತ್ತದೆ. ಗೂಡಿನ ಕಾಲ ನವೆಂಬರಿನಲ್ಲಿ ತೊಡಗುತ್ತದೆ. ಜನವರಿಯ ಹೊತ್ತಿಗೆ ಎದುರಿನ ಬಂಡೆಯಿಂದ ನೋಡಿದರೆ, ಬಿಳಿಯ ಪಟ್ಟಿಯ ಮೇಲಿನ ಚಾಚಿನಲ್ಲಿ ಹಕ್ಕಿ ಕದಲದೆ ಕುಳಿತಿದೆಯೋ ಇಲ್ಲವೋ ಎಂಬುದು ತಿಳಿದುಬರುತ್ತದೆ.