ಚಾರ್ಜರ್‌ಗೆ ಮೀಟರ್‌ನ ಮಾತು ಕೇಳಿಸದಿದ್ದಾಗ

ಮನೆಯ ಗೋಡೆಗೆ ಕೂರಿಸಿದ 7.4 ಕಿಲೋವಾಟ್ ಕಾರ್ ಚಾರ್ಜರ್ 32 ಆಂಪಿಯರ್ ಎಳೆಯುತ್ತದೆ. ಅದೇ ಹೊತ್ತಿಗೆ ಗೀಸರ್, ಪಂಪು ಎಲ್ಲ ಓಡಿದರೂ ಮಂಜೂರಾದ ಲೋಡ್ ಮೀರಬಾರದೆಂದು ಕೆಲವು ಚಾರ್ಜರ್‌ಗಳು ಮೇನ್ ಬೋರ್ಡ್‌ನಲ್ಲಿರುವ ಪುಟ್ಟ ಎನರ್ಜಿ ಮೀಟರನ್ನು ಮತ್ತೆ ಮತ್ತೆ ವಿಚಾರಿಸುತ್ತವೆ: ಈಗ ಎಷ್ಟು ಕರೆಂಟ್ ಹೋಗುತ್ತಿದೆ? ಈ ಮಾತುಕತೆ ಸಾಮಾನ್ಯವಾಗಿ ಆರ್‌ಎಸ್-485 ಎಂಬ ಸೀರಿಯಲ್ ಸಂಪರ್ಕದ ಎರಡು ತಂತಿಗಳ ಮೇಲೆ, 1979ರಲ್ಲಿ ಕಾರ್ಖಾನೆಗಳಿಗಾಗಿ ಹುಟ್ಟಿದ ಮಾಡ್‌ಬಸ್ ಭಾಷೆಯಲ್ಲಿ ನಡೆಯುತ್ತದೆ. ಮೀಟರ್ ಉತ್ತರಿಸದಿದ್ದರೆ ಎಷ್ಟೋ ಚಾರ್ಜರ್‌ಗಳು 6 ಆಂಪಿಯರ್‌ಗೆ ಇಳಿದುಬಿಡುತ್ತವೆ. 40 ಯೂನಿಟ್ ಹಿಡಿಯುವ ಬ್ಯಾಟರಿ ಆರು ಗಂಟೆಯಲ್ಲಿ ತುಂಬುತ್ತಿದ್ದದ್ದು ಆಗ ಒಂದು ದಿನ ಮೀರಿ ಎಳೆಯುತ್ತದೆ.

ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಮೊಬೈಲ್ ಆ್ಯಪ್‌ಗೆ. ಬಾಡ್ ರೇಟ್ (ಮಾತುಕತೆಯ ವೇಗ) ಬದಲಿಸು, ಫರ್ಮ್‌ವೇರ್ ಹೊಸದು ಹಾಕು, ಕೊನೆಗೆ ಬೋರ್ಡೇ ಹೋಗಿದೆ ಎಂದು ತೀರ್ಪು ಕೊಡು. ಈ ಕ್ರಮವೇ ತಲೆಕೆಳಗು. ನಿನ್ನೆವರೆಗೆ ಕೆಲಸ ಮಾಡುತ್ತಿದ್ದ ಸೆಟ್ಟಿಂಗ್ ಯಾರೂ ಮುಟ್ಟದೆ ಕೆಡುವುದು ಅಪರೂಪ. ಸ್ಕ್ರೂ ಸಡಿಲವಾಗಲು, ತುದಿಗೆ ತೇವ ಹಿಡಿಯಲು ಯಾರೂ ಮುಟ್ಟಬೇಕಿಲ್ಲ. ತಂತಿ ಸರಿಯಿದೆಯೋ ಇಲ್ಲವೋ ತಿಳಿಯದೆ ಸೆಟ್ಟಿಂಗ್ ಬದಲಿಸಿದರೆ ಒಂದಿದ್ದ ದೋಷ ಎರಡಾಗುತ್ತದೆ. ಆಮೇಲೆ ತಂತಿಯನ್ನು ಸರಿಪಡಿಸಿದರೂ ಮೀಟರ್ ಮಾತಾಡುವುದಿಲ್ಲ.

ಕೆಲಸ ಶುರುವಾಗಬೇಕಾದದ್ದು ಎಂಸಿಬಿ ಇಳಿಸುವುದರಿಂದ. ಚಾರ್ಜರಿನದೂ ಮೀಟರಿನದೂ ಎರಡನ್ನೂ ಇಳಿಸಿ, ಟರ್ಮಿನಲ್‌ನಲ್ಲಿ 230 ವೋಲ್ಟ್ ಇಲ್ಲವೆಂದು ಅಳೆದು ಖಚಿತಪಡಿಸಿಕೊಂಡೇ ಮುಚ್ಚಳ ತೆಗೆಯಬೇಕು. ಮೇನ್ ಬೋರ್ಡ್ ತೆರೆದು ಅಭ್ಯಾಸವಿಲ್ಲದವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿ, ಪಕ್ಕದಲ್ಲಿ ನಿಂತು ಕೇಳಬೇಕಾದ್ದನ್ನು ಕೇಳಿದರೆ ಸಾಕು. ಮೊದಲ ಪರೀಕ್ಷೆ ಕಣ್ಣಿನದು. ಎಷ್ಟೋ ಸಲ ಟರ್ಮಿನಲ್ ಸ್ಕ್ರೂ ಬಿಗಿಯಾಗಿರುತ್ತದೆ, ವೈರ್ ಎಳೆದರೂ ಬರುವುದಿಲ್ಲ. ಆದರೆ ಟಾರ್ಚ್ ಹಾಕಿ ನೋಡಿದರೆ ಅದು ಕಚ್ಚಿಕೊಂಡಿರುವುದು ಪ್ಲಾಸ್ಟಿಕ್ ಹೊದಿಕೆಯನ್ನು, ತಾಮ್ರ ಎರಡು ಮಿಲಿಮೀಟರ್ ಆಚೆಗೇ ಉಳಿದಿರುತ್ತದೆ. ನೆಟ್‌ವರ್ಕ್ ಕೇಬಲ್ ಬಳಸಿದ್ದರೆ ಬಣ್ಣವನ್ನೂ ನೋಡಿ. ನೀಲಿ ತಂತಿಯ ಜೋಡಿ ಅದರೊಡನೆ ಹೆಣೆದುಕೊಂಡಿರುವ ನೀಲಿ-ಬಿಳಿ. ನೀಲಿಯ ಜೊತೆ ಕಿತ್ತಳೆ ಬಣ್ಣದ್ದನ್ನು ಹಾಕಿದ್ದರೆ ಹೆಣಿಗೆಯ ಪ್ರಯೋಜನವೇ ಹೋಯಿತು. ಆರ್‌ಎಸ್-485 ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಾಗಿದರೆ ಮಾತ್ರ ಅದು ವಜಾ ಆಗುತ್ತದೆ; ಹೆಣಿಗೆ ಇರುವುದೇ ಅದಕ್ಕೆ.

ಮುಂದಿನದು ಮಲ್ಟಿಮೀಟರ್ ಪರೀಕ್ಷೆ. ಕರೆಂಟ್ ಇಳಿಸಿದ ಸ್ಥಿತಿಯಲ್ಲೇ ಎ ಮತ್ತು ಬಿ ಎಂದು ಗುರುತಿಸಿರುವ ಆ ಎರಡು ತಂತಿಗಳ ನಡುವೆ ಓಮ್ ಅಳೆಯಿರಿ. ಸಾಲಿನ ಎರಡು ತುದಿಗಳಲ್ಲೂ 120 ಓಮ್‌ನ ರೆಸಿಸ್ಟರ್ ಇದ್ದರೆ ಸುಮಾರು 60 ಬರಬೇಕು. 120ರ ಸುತ್ತ ಬಂದರೆ ಒಂದು ತುದಿಯದು ಇಲ್ಲ, ಅಥವಾ ನಡುವೆ ತಂತಿ ಕಡಿದಿದೆ. 40 ಬಂದರೆ ಮೂರನೆಯದೊಂದು ಎಲ್ಲೋ ಸೇರಿಕೊಂಡಿದೆ. ಸೊನ್ನೆಯ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ಐದಾರು ಮೀಟರ್ ತಂತಿಗೆ ಈ ರೆಸಿಸ್ಟರ್ ಬೇಕೇ ಎಂದು ಕೇಳುವವರಿದ್ದಾರೆ. ಕೇಳಿದ್ದರಲ್ಲಿ ತಪ್ಪಿಲ್ಲ. 9600 ಬಾಡ್‌ನಲ್ಲಿ ಅಷ್ಟು ಗಿಡ್ಡ ಸಾಲು ಅದಿಲ್ಲದೆಯೂ ಚೆನ್ನಾಗಿಯೇ ನಡೆಯುತ್ತದೆ. ಹಾಗಾಗಿ ನಿಮ್ಮಲ್ಲಿ ಕೆಲವು ಸಾವಿರ ಓಮ್ ತೋರಿಸಿದರೆ ಗಾಬರಿ ಬೇಡ, ಕೈಪಿಡಿಯಲ್ಲಿ ರೆಸಿಸ್ಟರ್ ಹಾಕಲು ಹೇಳಿದೆಯೇ ನೋಡಿ. ಈ ಅಳತೆಯಿಂದ ಸಿಗುವ ನಿಜವಾದ ಲಾಭವೆಂದರೆ ತುಂಡಾದ, ಶಾರ್ಟ್ ಆದ ತಂತಿ ಒಂದೇ ನಿಮಿಷದಲ್ಲಿ ಸಿಕ್ಕಿಬೀಳುವುದು.

ಅಳತೆ ಸರಿಯಿದ್ದೂ ಮೀಟರ್ ಮೌನವಾಗಿದ್ದರೆ ಎ ಮತ್ತು ಬಿ ಅದಲುಬದಲಾಗಿರಬಹುದು. ಈ ಹೆಸರುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಒಬ್ಬರ ಎ ಇನ್ನೊಬ್ಬರ ಬಿ. ಎ-ಗೆ ಎ ಸೇರಿಸಿದ್ದೇನೆ ಎಂಬುದು ಹಾಗಾಗಿ ಯಾವ ಸಾಕ್ಷಿಯೂ ಅಲ್ಲ. ಒಂದೇ ತುದಿಯಲ್ಲಿ ಎರಡನ್ನೂ ಅದಲಿಸಿ ನೋಡಿ. ಇದರಿಂದ ಏನೂ ಸುಡುವುದಿಲ್ಲ. ಎರಡೂ ಕಡೆ ಅದಲಿಸಿದರೆ ಮಾತ್ರ ಹೊರಟಲ್ಲಿಗೇ ಬಂದು ನಿಂತಿರುತ್ತೀರಿ.

ಬೆಳಿಗ್ಗೆ ಸುಮ್ಮನಿದ್ದಾಗ ಸರಿಯಿದ್ದು, ಕಾರು ಚಾರ್ಜ್ ಆಗತೊಡಗಿದಾಗ ಮಾತ್ರ ಸಂಪರ್ಕ ಕಡಿಯುತ್ತಿದ್ದರೆ ಅದು ಸೆಟ್ಟಿಂಗ್‌ನ ತಪ್ಪಾಗಲಾರದು. ತಪ್ಪು ಸೆಟ್ಟಿಂಗ್‌ಗೆ ಕಾರು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಆಗ ತಂತಿ ಸಾಗಿರುವ ದಾರಿ ನೋಡಿ: ಚಾರ್ಜರಿನ ದಪ್ಪ ಕೇಬಲ್ ಇರುವ ಪೈಪಿನಲ್ಲೇ ಇದನ್ನೂ ತುರುಕಿದ್ದರೆ ಬೇರೆ ಪೈಪಿಗೆ ಹಾಕಿಸಿ; ಸುರಕ್ಷತೆಯ ದೃಷ್ಟಿಯಿಂದಲೂ ಅದೇ ಸರಿ. ಶೀಲ್ಡ್ ಇರುವ ಕೇಬಲ್ಲಾದರೆ ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡಿಸಿ. ಎರಡೂ ಯಂತ್ರಗಳಲ್ಲಿ ಕಾಮನ್ ಟರ್ಮಿನಲ್ ಇದ್ದರೆ, ಎರಡೇ ತಂತಿ ಸಾಕೆಂದು ಅದನ್ನು ಖಾಲಿ ಬಿಡದೆ ಕೈಪಿಡಿಯಂತೆ ಮೂರನೆಯ ತಂತಿ ಎಳೆಸಿ.

ಇಷ್ಟಾದ ಮೇಲೆ ಆ್ಯಪ್ ತೆರೆಯಬಹುದು. ಮೀಟರಿನ ವಿಳಾಸ 1ರಿಂದ 247ರೊಳಗಿನ ಒಂದು ಸಂಖ್ಯೆ. ಅದು, ಬಾಡ್ ರೇಟ್ ಮತ್ತು ಪ್ಯಾರಿಟಿ, ಮೂರೂ ಎರಡೂ ಕಡೆ ಒಂದೇ ಇರಬೇಕು. ಮೀಟರ್ ಉತ್ತರಿಸುತ್ತಿದೆ, ಆದರೆ ಗೀಸರ್ ಹಾಕಿದಾಗ ಅಂಕಿ ಮೈನಸ್ ಕಡೆಗೆ ಓಡುತ್ತಿದೆ ಎಂದಾದರೆ ಸೀರಿಯಲ್ ತಂತಿಯನ್ನು ಬಿಟ್ಟುಬಿಡಿ. ಕರೆಂಟ್ ಅಳೆಯಲು ಮೇನ್ ವೈರ್‌ಗೆ ಕಚ್ಚಿಸಿದ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರ್) ಮೇಲಿನ ಬಾಣ ಯಾವ ಕಡೆಗಿದೆ ನೋಡಿ.