ಮೈದಾನ ಬಿಡದ ಬೆಂಬೆಂ ದೇವಿ



ಫುಟ್‌ಬಾಲ್ ಆಟ ನೀವು ನೋಡಿರಬಹುದು. ಒಂದು ಕಡೆ 11 ಜನ. ಇನ್ನೊಂದು ಕಡೆ 11 ಜನ. ನಡುವೆ ಒಂದೇ ಚೆಂಡು. ಎದುರಿನವರ ಎರಡು ಕಂಬಗಳ ನಡುವೆ ಚೆಂಡು ಸೇರಿಸಿದರೆ ಒಂದು ಗೋಲು. ಆಟ 90 ನಿಮಿಷ ನಡೆಯುತ್ತದೆ.

"ಅದು ಗಂಡಸರ ಆಟ ಕಣ್ರೀ. ನಮಗ್ಯಾಕೆ?" ಅಂತ ನೀವು ಕೇಳಬಹುದು. ಈ ಪಾಠ ಓದೋಣ. ಆಮೇಲೆ ಮಾತಾಡೋಣ.

ನಮ್ಮ ದೇಶದ ಈಶಾನ್ಯ ಮೂಲೆಯಲ್ಲಿ ಮಣಿಪುರ ರಾಜ್ಯವಿದೆ. ಅದರ ರಾಜಧಾನಿ ಇಂಫಾಲ. ಅಲ್ಲಿ ಒಂದು ದೊಡ್ಡ ಸಂತೆ ಇದೆ. ಹೆಸರು ಇಮಾ ಕೈಥೆಲ್. ಅಂದರೆ ತಾಯಂದಿರ ಸಂತೆ. ಅಲ್ಲಿ ಅಂಗಡಿ ಇಟ್ಟವರೆಲ್ಲ ಹೆಂಗಸರೇ.

ಇದೇ ಇಂಫಾಲದಲ್ಲಿ 1980ರಲ್ಲಿ ಓಯ್ನಾಂ ಬೆಂಬೆಂ ದೇವಿ ಹುಟ್ಟಿದರು. ಅವರಿಗೆ ಚಿಕ್ಕಂದಿನಿಂದ ಚೆಂಡಾಟ ಎಂದರೆ ಪ್ರಾಣ. ಆಡಲು ಹುಡುಗಿಯರು ಸಿಗಬೇಕಲ್ಲ? ಹುಡುಗರ ಜೊತೆಯೇ ಆಡಿದರು. ಕೂದಲು ಗಿಡ್ಡ ಮಾಡಿಕೊಂಡು, ಹುಡುಗರ ಹೆಸರು ಹೇಳಿಕೊಂಡು ಆಡಿದ್ದೂ ಉಂಟು.

1995ರಲ್ಲಿ ಅವರು ಭಾರತದ ಮಹಿಳಾ ತಂಡ ಸೇರಿದರು. ಆಗ ವಯಸ್ಸು ಬರೀ 15. ಅವರು ಆಡುತ್ತಿದ್ದುದು ಮೈದಾನದ ನಡುಭಾಗದಲ್ಲಿ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ದಾಟಿಸಬೇಕು. ಎಲ್ಲರ ಮೇಲೂ ಕಣ್ಣಿಡಬೇಕು. ಕೂಡು ಮನೆ ನಡೆಸಿದವರಿಗೆ ಈ ಕೆಲಸ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ದಾರಿ ಸುಲಭ ಇರಲಿಲ್ಲ. 1998ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳಾ ತಂಡ ಚೀನಾದ ಎದುರು 16 ಗೋಲುಗಳಿಂದ ಸೋತಿತು. ಆಮೇಲೆ ಇನ್ನೊಂದು ಕಷ್ಟ ಬಂತು. ಮಹಿಳಾ ತಂಡಕ್ಕೆ ಬೇರೆ ದೇಶಗಳ ಜೊತೆ ಆಡಲು ಪಂದ್ಯಗಳೇ ಸಿಗಲಿಲ್ಲ. ತಂಡ ಬಹಳ ದಿನ ಆಡದೇ ಇದ್ದುದರಿಂದ 2009ರಲ್ಲಿ ಪ್ರಪಂಚದ ತಂಡಗಳ ಪಟ್ಟಿಯಿಂದ ಭಾರತದ ಹೆಸರು ಬಿಟ್ಟುಹೋಯಿತು. ಸೋತರೆ ಮತ್ತೆ ಗೆಲ್ಲಬಹುದು. ಆಡುವುದಕ್ಕೇ ಬಿಡದಿದ್ದರೆ ಗೆಲ್ಲುವುದು ಹೇಗೆ?

ಬೆಂಬೆಂ ಆಟ ಬಿಡಲಿಲ್ಲ. ಮಣಿಪುರದ ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತ ಅಭ್ಯಾಸ ಮುಂದುವರಿಸಿದರು. 2010ರಲ್ಲಿ ಢಾಕಾದಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟ ನಡೆಯಿತು. ಭಾರತದ ಹೆಣ್ಣುಮಕ್ಕಳು ಚಿನ್ನದ ಪದಕ ಗೆದ್ದರು. ತಂಡದ ನಾಯಕಿ ಬೆಂಬೆಂ.

2014ರಲ್ಲಿ ಅವರಿಗೆ ಕಡಲಾಚೆಯಿಂದ ಕರೆ ಬಂತು. ಹಿಂದೂ ಮಹಾಸಾಗರದಲ್ಲಿ ಮಾಲ್ಡೀವ್ಸ್ ಎಂಬ ದ್ವೀಪಗಳ ದೇಶವಿದೆ. ಅಲ್ಲಿನ ನ್ಯೂ ರೇಡಿಯಂಟ್ ಕ್ಲಬ್ ಪರವಾಗಿ ಅವರು ಆಡಿದರು. ಜೊತೆಗೆ ಸಿಕ್ಕಿಂನ ಲಾಕೋ ಫುಟಿ ಭುಟಿಯಾ ಕೂಡ ಹೋಗಿದ್ದರು. ಆಗ ಬೆಂಬೆಂಗೆ 34 ವರ್ಷ. "ವಯಸ್ಸಾಯ್ತು, ಇನ್ನೇನು?" ಎನ್ನುವವರಿಗೆ ಇದೇ ಉತ್ತರ.

2016ರಲ್ಲಿ ಶಿಲ್ಲಾಂಗ್‌ನಲ್ಲಿ ಭಾರತ ಮತ್ತೆ ಚಿನ್ನ ಗೆದ್ದಿತು. ದೇಶದ ತಂಡದ ಪರ ಬೆಂಬೆಂ ಆಡಿದ ಕೊನೆಯ ಆಟ ಅದು. 21 ವರ್ಷದ ಆಟ ಅಲ್ಲಿಗೆ ಮುಗಿಯಿತು.

ಆದರೆ ಅವರು ಮೈದಾನ ಬಿಡಲಿಲ್ಲ. ತಾವು ಕಲಿತದ್ದನ್ನು ಹುಡುಗಿಯರಿಗೆ ಹೇಳಿಕೊಡಲು ನಿಂತರು. ದೇಶದ ಮೊದಲ ಮಹಿಳಾ ಫುಟ್‌ಬಾಲ್ ಲೀಗ್ ಪಂದ್ಯಾವಳಿಯನ್ನು 2017ರಲ್ಲಿ ಗೆದ್ದದ್ದು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್. ಆ ತಂಡಕ್ಕೆ ದಾರಿ ತೋರಿಸಿದವರು ಬೆಂಬೆಂ. ಅದೇ ವರ್ಷ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 2020ರಲ್ಲಿ ಪದ್ಮಶ್ರೀ ಬಂತು. ಭಾರತದ ಮಹಿಳಾ ಫುಟ್‌ಬಾಲ್ ಆಟಗಾರ್ತಿಗೆ ಪದ್ಮಶ್ರೀ ಸಿಕ್ಕಿದ್ದು ಅದೇ ಮೊದಲು.

ನಾವು ಗಮನಿಸಬೇಕಾದ್ದು ಒಂದಿದೆ. ಬೆಂಬೆಂ ಆಡುವಾಗ ಹುಡುಗರ ಹೆಸರು ಹೇಳಬೇಕಾಯಿತು. ಅವರ ಹತ್ತಿರ ಕಲಿತ ಹುಡುಗಿಯರು ತಮ್ಮ ಹೆಸರಿನಲ್ಲೇ ಆಡಿದರು. ಒಬ್ಬಳು ಕಲಿತರೆ ಹತ್ತು ಜನಕ್ಕೆ ದಾರಿಯಾಗುತ್ತದೆ. ಅಕ್ಷರಕ್ಕೂ ಈ ಮಾತು ಸಲ್ಲುತ್ತದೆ.

ಹೊಸ ಪದಗಳು: ಮೈದಾನ, ಅಭ್ಯಾಸ, ಪಂದ್ಯ, ನಾಯಕಿ, ಪ್ರಶಸ್ತಿ

ಓದಿ, ಯೋಚಿಸಿ, ಮಾತಾಡಿ:
1. ಬೆಂಬೆಂ ಯಾವ ಊರಿನಲ್ಲಿ ಹುಟ್ಟಿದರು?
2. 2009ರಲ್ಲಿ ಭಾರತದ ಹೆಸರು ಪಟ್ಟಿಯಿಂದ ಯಾಕೆ ಬಿಟ್ಟುಹೋಯಿತು?
3. ನಿಮ್ಮೂರಿನ ಹುಡುಗಿಯರಿಗೆ ಆಡಲು ಜಾಗ ಇದೆಯೇ? ಹೊತ್ತು ಸಿಗುತ್ತದೆಯೇ?
4. ನಿಮಗೆ ಗೊತ್ತಿರುವ ಒಂದು ಕೆಲಸವನ್ನು ಯಾರಿಗೆ ಕಲಿಸುತ್ತೀರಿ? ಎರಡು ಸಾಲು ಬರೆಯಿರಿ.