ಗಾಜಿನ ತೊಟ್ಟಿಯೊಳಗೆ ಒಂದು ಪುಟ್ಟ ಕೆರೆ

ಮೀನು ಸಾಕಬೇಕೆಂಬ ಆಸೆ ಯಾರಿಗಿಲ್ಲ ಹೇಳಿ? ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಬಣ್ಣದ ಮೀನು ತಂದು, ಬಾಟಲಿಗೆ ಸುರಿದು, ಮೇಲೆ ಒಂದು ಹಿಡಿ ಮಂಡಕ್ಕಿ ಉದುರಿಸಿದರೆ ಮುಗಿಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ನಾಲ್ಕನೆಯ ದಿನ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. "ಹವಾ ಒಗ್ಗಲಿಲ್ಲ" ಅಂತಾರೆ. ಕೆಟ್ಟಿದ್ದು ಹವಾ ಅಲ್ಲ, ನೀರು. ಅದಕ್ಕೇ ಈ ಪಾಠದಲ್ಲಿ ಮೀನಿನ ಮಾತು ಕೊನೆಗೆ ಬರುತ್ತದೆ. ಮೊದಲು ನೀರು, ಮಣ್ಣು, ಗಿಡ.

ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಅವನು 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ನೀರು, ಮರಳು, ಕೆಸರು ಹಾಕಿ, ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲು ನೆಟ್ಟು, ಎರಡು ಚಿನ್ನದ ಮೀನು ಬಿಟ್ಟ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ತೆಗೆದುಕೊಳ್ಳುತ್ತದೆ, ಸರಿ. ಆದರೆ ಕೆಲವು ದಿನಗಳಲ್ಲಿ ಹಳೆಯ ಎಲೆ ಕೊಳೆತು ನೀರು ಕದಡಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದುಬಿಟ್ಟ. ಅವು ಕೊಳೆತ ಎಲೆ ತಿಂದವು, ನೀರು ತಿಳಿಯಾಯಿತು. ಈ ವಿಷಯವನ್ನು ಅವನು 1850ರಲ್ಲಿ ಪ್ರಕಟಿಸಿದ. 'ಅಕ್ವೇರಿಯಂ' ಎಂಬ ಹೆಸರು ಜನರ ಬಾಯಿಗೆ ಬಂದದ್ದು ಅದಾದ ಮೇಲೆ, 1854ರಲ್ಲಿ ಫಿಲಿಪ್ ಗೋಸ್ ಬರೆದ ಪುಸ್ತಕದಿಂದ. ಕರೆಂಟಿಲ್ಲ, ಗಾಳಿ ಪಂಪಿಲ್ಲ, ಮೂರು ಜೀವ ಸೇರಿ ನೀರನ್ನು ಕಾದುಕೊಂಡವು ನೋಡಿ!

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಗೂ ಹೆಚ್ಚುಕಮ್ಮಿ ಅಷ್ಟೇ ನೀರು ಹಿಡಿಯುತ್ತದೆ. ಲೆಕ್ಕ ಮಾಡಿ: 60 × 30 × 30 ಸೆಂ.ಮೀ. ಅಂದರೆ 54,000 ಘನ ಸೆಂ.ಮೀ., ಅಂದರೆ 54 ಲೀಟರ್. ಮಣ್ಣು, ಕಲ್ಲು ಹಾಕಿ ಮೇಲೆ ಎರಡು ಬೆರಳು ಜಾಗ ಬಿಟ್ಟರೆ 40 ಲೀಟರಿಗೆ ಇಳಿಯುತ್ತದೆ. ಚಿಕ್ಕ ತೊಟ್ಟಿ ಸುಲಭ ಎಂದುಕೊಳ್ಳಬೇಡಿ. ಬಾಟಲಿಯ ನೀರು ಒಂದೇ ದಿನದಲ್ಲಿ ಕೆಡುತ್ತದೆ, ತೊಟ್ಟಿಯ ನೀರು ಕೆಡಲು ಹೊತ್ತು ಹಿಡಿಯುತ್ತದೆ. ತುಂಬಿದ ತೊಟ್ಟಿ ಗಾಜು, ಮರಳು ಎಲ್ಲ ಸೇರಿ ಸುಮಾರು 70–75 ಕೆ.ಜಿ. ತೂಗುತ್ತದೆ, ಒಂದೂವರೆ ಮೂಟೆ ಸಿಮೆಂಟಿನಷ್ಟು. ಅಲ್ಲಾಡುವ ಬೆಂಚಿನ ಮೇಲೆ ಇಡಲೇಬಾರದು. ಗಾರೆಯವರ ರಸಮಟ್ಟ ಇಟ್ಟು ನೋಡಿ, ಕೆಳಗೆ ಥರ್ಮೋಕೋಲ್ ಹಾಸಿ ಕೂರಿಸಿ. ನೇರ ಬಿಸಿಲು ಬೀಳುವ ಕಿಟಕಿ ಬೇಡ, ವಾರದಲ್ಲಿ ತೊಟ್ಟಿಯೆಲ್ಲ ಪಾಚಿ. ಮತ್ತೆ, ಸೋಪಿನಿಂದ ಮಾತ್ರ ತೊಳೀಬೇಡಿ.

ತಳಕ್ಕೆ ಒಂದು ಅಂಗುಲ ಮಣ್ಣು. ಇಲ್ಲಿ ನಮ್ಮ ಬೇಸಾಯದ ಬುದ್ಧಿ ಅಡ್ಡ ಬರುತ್ತದೆ. "ಸ್ವಲ್ಪ ಕೊಟ್ಟಿಗೆ ಗೊಬ್ಬರ ಬೆರೆಸಿದ್ರೆ ಗಿಡ ಚೆನ್ನಾಗಿ ಬರುತ್ತೆ" ಎಂದು ಮನೆಯಲ್ಲಿ ಹೇಳಬಹುದು. ಗದ್ದೆಗೆ ಸರಿ, ತೊಟ್ಟಿಗೆ ವಿಷ. ಗೊಬ್ಬರ ನೀರೊಳಗೆ ಕೊಳೆತು ಅಮೋನಿಯಾ ಬಿಡುತ್ತದೆ. ಯೂರಿಯಾ ಬಿದ್ದ ಹೊಲದ ಮಣ್ಣೂ ಬೇಡ. ಗೊಬ್ಬರ, ಔಷಧಿ ಕಾಣದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಕಡ್ಡಿ ಬೇರು ಆರಿಸಿ ಹಾಕಿ. ಅದರ ಮೇಲೆ ಚೆನ್ನಾಗಿ ತೊಳೆದ ಮರಳು ಒಂದೂವರೆ ಅಂಗುಲವಾದರೂ ಬೇಕು, ಇಲ್ಲದಿದ್ದರೆ ಮಣ್ಣು ಮೇಲೆದ್ದು ನೀರು ರಾಡಿಯಾಗುತ್ತದೆ. ಕಲ್ಲು ಆರಿಸುವಾಗ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆಯುಕ್ಕಿದರೆ ಸುಣ್ಣದ ಕಲ್ಲು. ಬೋರ್‌ವೆಲ್ ನೀರು ಮೊದಲೇ ಗಡಸು, ಇನ್ನೂ ಗಡಸು ಮಾಡುವುದು ಯಾಕೆ?

ಈಗ ಜೋಡಣೆ. ದಸರಾ ಗೊಂಬೆ ಕೂರಿಸಿದ ಹಾಗೆ ನಡುವೆ ರಾಜರಾಣಿ, ಎರಡೂ ಕಡೆ ಸಮಸಮ ಇಟ್ಟರೆ ತೊಟ್ಟಿ ಷೋಕೇಸಿನಂತೆ ಕಾಣುತ್ತದೆ. ನಿಜವಾದ ಹಳ್ಳದ ದಂಡೆ ನೋಡಿ, ಅಲ್ಲಿ ಯಾವುದೂ ಸಮವಾಗಿಲ್ಲ. ಮುಖ್ಯವಾದ ಕಲ್ಲನ್ನೋ ಬೇರಿನ ಕೊರಡನ್ನೋ ನಡುವೆ ಇಡದೆ ಒಂದು ಪಕ್ಕದಿಂದ ಸುಮಾರು 23 ಸೆಂ.ಮೀ. ದೂರಕ್ಕೆ ಇಡಿ. ದೊಡ್ಡದು ಒಂದು, ಅದಕ್ಕೆ ಒರಗಿದಂತೆ ಚಿಕ್ಕವು ಎರಡು ಸಾಕು. ಮರಳು ಮುಂದೆ ತಗ್ಗು, ಹಿಂದೆ ನಾಲ್ಕು ಅಂಗುಲದವರೆಗೆ ಏರು ಇರಲಿ, ಒಂದು ಅಡಿ ಅಗಲದ ತೊಟ್ಟಿಯೂ ಆಳವಾಗಿ ಕಾಣುತ್ತದೆ. ಜಪಾನಿನ ತಕಾಶಿ ಅಮಾನೋ (1954–2015) ಈ ವಿದ್ಯೆಯಲ್ಲಿ ಲೋಕಪ್ರಸಿದ್ಧರು. 2015ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಅವರು ಕಟ್ಟಿದ ಗಿಡದ ತೊಟ್ಟಿಯ ಉದ್ದ 40 ಮೀಟರ್! ನಮ್ಮದು ಎರಡೇ ಅಡಿಯಾದರೂ ಕೆಲಸದ ಕ್ರಮ ಅದೇ. ಕೊರಡನ್ನು ಮುಳುಗುವ ತನಕ ಬಕೆಟ್ಟಿನಲ್ಲಿ ನೆನೆಸಿಡಿ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮರದ ಒಗರು.

ಗಿಡಕ್ಕೆ ಪೇಟೆಗೆ ಹೋಗಲೇಬೇಕೆಂದಿಲ್ಲ. ವಿಜ್ಞಾನ ಪುಸ್ತಕದಲ್ಲಿ ಆಲಿಕೆಯ ಕೆಳಗೆ ಗುಳ್ಳೆ ಬಿಡುವ ಹೈಡ್ರಿಲ್ಲಾ ನಮ್ಮ ಕೆರೆಗಳಲ್ಲೇ ಬೆಳೆಯುತ್ತದೆ. ವ್ಯಾಲಿಸ್ನೇರಿಯಾವೂ ನಮ್ಮ ದೇಶದ ನೀರಿನದೇ, ಗಡಸು ನೀರು ಅದಕ್ಕೆ ಇಷ್ಟ. ಎತ್ತರದವು ಹಿಂದೆ, ಗಿಡ್ಡವು ಮುಂದೆ. ವ್ಯಾಲಿಸ್ನೇರಿಯಾದ ಬೇರು ಮಾತ್ರ ಮರಳಿನೊಳಗೆ ಹೋಗಲಿ, ಎಲೆ ಹುಟ್ಟುವ ಬುಡ ಹೂತರೆ ಕೊಳೆಯುತ್ತದೆ. ಕೆರೆಗೆ ದೊಡ್ಡವರ ಜೊತೆಯಲ್ಲೇ ಹೋಗಿ. ತಂದ ಗಿಡವನ್ನು ಒಂದು ವಾರ ಬಕೆಟ್ಟಿನಲ್ಲಿಟ್ಟು ದಿನಾ ಜಾಲಾಡಿಸಿ, ಜಿಗಣೆಯೂ ಏರೋಪ್ಲೇನ್ ಚಿಟ್ಟೆಯ ಮರಿಯೂ ಅಡಗಿರಬಹುದು. ಆ ಮರಿ ಚಿಕ್ಕ ಮೀನನ್ನು ಹಿಡಿದು ತಿನ್ನುತ್ತದೆ. ಮರಳಿನ ಮೇಲೆ ಬಾಳೆ ಎಲೆ ಹಾಸಿ ಅದರ ಮೇಲೆ ನೀರು ಮೆಲ್ಲಗೆ ಸುರಿದರೆ ಜೋಡಣೆ ಕದಡುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಬಳಸಿ. ದೀಪ ದಿನಕ್ಕೆ ಏಳೆಂಟು ಗಂಟೆ ಸಾಕು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

ಇನ್ನು ಕಷ್ಟದ ಕೆಲಸ: ಕಾಯುವುದು. ಮೀನಿನ ಹಿಕ್ಕೆ, ಉಳಿದ ತಿಂಡಿ ಇವುಗಳಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತವೆ, ಅದು ಗಿಡಕ್ಕೆ ಗೊಬ್ಬರ. ಹೊಲದ ಮಣ್ಣಿನಲ್ಲಿ ನಡೆಯುವ ನೈಟ್ರೋಜನ್ ಚಕ್ರವೇ ಇದು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕುತ್ತಿರಿ, ಊಟ ಬ್ಯಾಕ್ಟೀರಿಯಾಗಳಿಗೆ. ನಡುವೆ ನೀರು ಹಾಲಿನಂತೆ ಮಬ್ಬಾಗಬಹುದು, ಗಾಜಿಗೆ ಕಂದು ಧೂಳು ಕೂರಬಹುದು. ಗಾಬರಿಯಾಗಿ ಎಲ್ಲ ಚೆಲ್ಲಿ ಮತ್ತೆ ತೊಳೆದರೆ ಲೆಕ್ಕ ಮೊದಲನೇ ದಿನದಿಂದ! ಅಮೋನಿಯಾ, ನೈಟ್ರೈಟ್ ಅಳೆಯುವ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ಸೊನ್ನೆ ತೋರಿಸಿ, ಗಿಡ ಹೊಸ ಎಲೆ ಬಿಟ್ಟಿದ್ದರೆ ತೊಟ್ಟಿ ತಯಾರು.

ಗಿಡ ರಾತ್ರಿ ಆಮ್ಲಜನಕ ಕೊಡುವುದಿಲ್ಲ, ನಮ್ಮ ಹಾಗೆ ತಾನೂ ಉಸಿರಾಡುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ಹೊತ್ತು ಬೆಳಗಿನ ಜಾವ. ಮೀನುಗಳು ಆಗ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದರೆ, ಒಂದೋ ಮೀನು ಹೆಚ್ಚಾಗಿವೆ, ಇಲ್ಲ ತಿಂಡಿ ಹೆಚ್ಚಾಗಿದೆ ಎಂದು ತಿಳಿಯಿರಿ. ಕೊಳದಲ್ಲಿ ಮೀನು ಸಾಕುವವರು ಇದಕ್ಕೇ ಮುಂಜಾನೆ ಎದ್ದು ಕೊಳ ನೋಡಿ ಬರುತ್ತಾರೆ.

ಮೀನು ಮೊದಲು ನಾಲ್ಕೇ ಸಾಕು. ಗಪ್ಪಿ ಆಗಬಹುದು, ಆದರೆ ಅದು ಮರಿ ಹಾಕುತ್ತಲೇ ಇರುತ್ತದೆ. ಹಣೆಯ ಮೇಲೆ ಬೆಳ್ಳಿ ಚುಕ್ಕೆ ಹೊಳೆಯುತ್ತಾ ನೀರಿನ ಮೇಲ್ಮಟ್ಟದಲ್ಲೇ ತಿರುಗುವ ನಮ್ಮ ಹಳ್ಳಕೊಳ್ಳದ ಚಿಕ್ಕ ಮೀನೂ ಚೆಂದ, ಸೊಳ್ಳೆ ಮರಿ ಕಂಡರೆ ಬಿಡುವುದಿಲ್ಲ. ಅದು ಜಿಗಿಯುತ್ತದೆ, ಮುಚ್ಚಳ ಬೇಕು. "ತೊಟ್ಟಿ ಕ್ಲೀನ್ ಮಾಡೋ ಮೀನು" ಎಂದು ಮಾರುವ ಸಕ್ಕರ್ ಮೀನು ಬೇಡವೇ ಬೇಡ. ಅಂಗಡಿಯಲ್ಲಿ ಬೆರಳುದ್ದ ಇರುವುದು ಅಡಿಗಿಂತ ಉದ್ದ ಬೆಳೆಯುತ್ತದೆ. ಆಗ ಜನ ಏನು ಮಾಡುತ್ತಾರೆ? ಕೆರೆಗೆ ಬಿಡುತ್ತಾರೆ, ಪುಣ್ಯ ಅಂತ ಬೇರೆ. ದಕ್ಷಿಣ ಅಮೆರಿಕದ ಆ ಮೀನು ಈಗ ಕೇರಳ, ಆಂಧ್ರ, ಬಂಗಾಳದ ನೀರುಗಳಲ್ಲಿ ಬೀಡುಬಿಟ್ಟಿದೆ, ಬೆಸ್ತರ ಬಲೆ ಹರಿಯುತ್ತಿದೆ. ಗಪ್ಪಿಯನ್ನಾಗಲಿ, ಅಂಗಡಿಯ ಗಿಡವನ್ನಾಗಲಿ ನಮ್ಮ ಕೆರೆಗೆ ಹಾಕಬೇಡಿ. ಕತ್ತರಿಸಿದ ಗಿಡವನ್ನು ಒಣಗಿಸಿ ತಿಪ್ಪೆಗೆ ಎಸೆಯಿರಿ.

ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಪೈಪಿನಲ್ಲಿ ಇಳಿಸಿ ಹೊಸದು ತುಂಬಿ. ಇಳಿಸಿದ ನೀರನ್ನು ಶಾಲೆಯ ಕರಿಬೇವಿನ ಗಿಡಕ್ಕೆ ಹಾಕಿ, ಅದರಲ್ಲಿ ನೈಟ್ರೇಟ್ ಇದೆ. ತಿಂಡಿ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ದಸರಾ ರಜೆಯಲ್ಲಿ ವಾರಕ್ಕೆ ಎರಡು ಸಲ ಒಬ್ಬರು ಬಂದು ಹಾಕಿದರೆ ಸಾಕು, ಬೆಳೆದ ಮೀನು ಒಂದೆರಡು ದಿನ ಉಪವಾಸ ತಡೆಯುತ್ತದೆ. "ರಜೆಗೆ ಆಗಲಿ" ಎಂದು ಒಂದೇ ಸಲ ಡಬ್ಬಿ ಸುರಿದು ಹೋಗಬೇಡಿ.